‘ನೆರಳಿನ ಕಂದಾಯ’ದ ಐದು ಭಾಗಗಳು

ಹಾಲಿನ ಡೈರಿಗೆ ಅಂಟಿಕೊಂಡಂತೆ ಒಂದೇ ಕೋಣೆಯ ಲೈಬ್ರರಿ. ಅದರ ಕಿಟಕಿಯ ಕೆಳಗಿನ ಕಪಾಟಿನಲ್ಲಿ ‘ನೆರಳಿನ ಕಂದಾಯ’ ಎಂಬ ಕಾದಂಬರಿಯ ಐದು ಭಾಗಗಳು ವರ್ಷಗಟ್ಟಲೆ ಬಿಸಿಲು ತಿಂದು ಬಿಳಿಚಿಕೊಂಡಿದ್ದವು. ಅವನ್ನು ಮನೆಗೆ ಒಯ್ಯುತ್ತಿದ್ದವಳು ಊರಿನ ಬಟ್ಟೆ ಹೊಲಿಯುವ ಹೊಲಿಗೆಯಕ್ಕ ಒಬ್ಬಳೇ. ಐದನೆಯದು ಮುಗಿದರೆ ಮತ್ತೆ ಒಂದನೆಯದಕ್ಕೆ ಬರುತ್ತಿದ್ದಳು.

ಕತೆಯಲ್ಲಿ ಮನೆಮನೆಯಿಂದ ನೆರಳನ್ನೇ ಕಂದಾಯವಾಗಿ ಎತ್ತುವ ಒಬ್ಬ ರಾಜ. ಹೆಣ ಹೂಳುವವನ ಮಗಳು ಆ ನೆರಳುಗಳನ್ನು ಬಿಡಿಸಿ ತರಲು ಹೊರಡುತ್ತಾಳೆ. ಒಂದೊಂದು ನೆರಳು ಬಿಡಿಸಿದಾಗಲೂ ಅವಳದೊಂದು ನೆನಪು ಅಳಿಸಿಹೋಗುತ್ತದೆ. ನಾಲ್ಕನೆಯ ಭಾಗದಲ್ಲಿ ತಂಗಿಯ ನೆರಳನ್ನು ತಂದುಕೊಟ್ಟು, ಎದುರಿಗೆ ನಿಂತವಳು ಯಾರೆಂದು ತಿಳಿಯದೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಾಳೆ. ಬರೆದವರು ಅಲ್ಲಿ ಸಮಾಧಾನದ ಒಂದು ಮಾತೂ ಸೇರಿಸಿಲ್ಲ. ಗಂಡ ತೀರಿಹೋದ ವರ್ಷ ಊರೆಲ್ಲ ಬಂದು ಹೊಲಿಗೆಯಕ್ಕನಿಗೆ ಸಮಾಧಾನ ಹೇಳಿತ್ತು. ಹೇಳದೆ ಜೊತೆಗೆ ಕೂತದ್ದು ಈ ಪುಸ್ತಕ.

ಲೈಬ್ರರಿ ಸಮಿತಿಯ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ಕೆಟ್ಟವರಲ್ಲ. ಪರೀಕ್ಷೆಗೆ ಓದುವವರಿಗೆ ಗೈಡುಗಳು ಬೇಕಾಗಿದ್ದವು, ಜಾಗವಿರಲಿಲ್ಲ. ಓದುಗರಿಲ್ಲದ ಪುಸ್ತಕಗಳನ್ನು ತಿಂಗಳ ಕೊನೆಗೆ ರದ್ದಿಗೆ ಹಾಕುವುದೆಂದು ಗೊತ್ತುಮಾಡಿದರು. ಹೊಲಿಗೆಯಕ್ಕ ಹೋಗಿ ಕೇಳಿದಳು. ಒಬ್ಬಳು ಓದಿದರೆ ಊರು ಓದಿದಂತಾಗುವುದಿಲ್ಲ, ಬರೀ ಹೆಣ, ಕತ್ತಲೆ, ಶಾಪ, ಬೇಕಾದರೆ ನೀನೇ ಇಟ್ಟುಕೋ ಎಂದರು.

“ನನ್ನ ಪೆಟ್ಟಿಗೇಲಿ ಇಟ್ರೆ ನನ್ನ ಜೊತೆಗೇ ಮಣ್ಣಾಗ್ತವೆ ಮೇಷ್ಟ್ರೇ. ನಾಲ್ಕು ಜನ ಓದ್ಬೇಕು ಅವನ್ನ.”

“ಹಾಗಾದ್ರೆ ಆ ನಾಲ್ಕು ಜನರನ್ನ ತೋರಿಸಮ್ಮ.”

ಓದಲು ಒಯ್ದ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲ ಎಂಬ ನಿಯಮವಿತ್ತು. ಮಾರನೆಯ ದಿನದಿಂದ ಅವಳು, ಲೈಬ್ರರಿಯಿಂದ ಒಂದು ಭಾಗ ತರದವರ ಬಟ್ಟೆಗೆ ಗುಂಡಿ ಹಚ್ಚುವುದಿಲ್ಲವೆಂದು ಹಟ ಹಿಡಿದಳು. ಗಿರಣಿಯವನು ಗೊಣಗುತ್ತ ಕೈಗೆ ಸಿಕ್ಕಿದ ನಾಲ್ಕನೆಯದನ್ನು ತಂದ. ಕ್ಷೌರದಂಗಡಿಯವನು ಐದನೆಯದನ್ನು, ಡೈರಿಯಲ್ಲಿ ಹಾಲು ಅಳೆಯುವವಳು ಮೂರನೆಯದನ್ನು. ಎರಡನೆಯದು ಮನೆಯಲ್ಲಿದ್ದ ಅವಳ ಅತ್ತೆಯ ಪಾಲಾಯಿತು. ಒಂದನೆಯದನ್ನು ತಾನಿಟ್ಟುಕೊಂಡಳು.

ಸುಮ್ಮನೆ ಇಟ್ಟುಕೊಂಡಿದ್ದರೆ ಸಾಕಿತ್ತು. ಆದರೆ ಗಿರಣಿಯಲ್ಲಿ ಕರೆಂಟು ಹೋಗುತ್ತದೆ, ಕ್ಷೌರದಂಗಡಿಯಲ್ಲಿ ಮಧ್ಯಾಹ್ನ ನೊಣ ಹೊಡೆಯುವುದೇ ಕೆಲಸ. ಒಬ್ಬೊಬ್ಬರೂ ತಮ್ಮ ಕೈಲಿದ್ದ ಭಾಗವನ್ನೇ ಪೂರ್ತಿ ಕತೆಯೆಂದು ಓದಿದರು. ಆಮೇಲೆ ಗಿರಣಿಯ ಕಟ್ಟೆಯ ಮೇಲೆ ಕುರುಡರು ಆನೆ ಮುಟ್ಟಿದ ಕತೆಯಾಯಿತು. ಕೊನೆಯದನ್ನಷ್ಟೇ ಓದಿದ್ದ ಕ್ಷೌರದವನು, ಯಾರ ನೆನಪೂ ಇಲ್ಲದ ಆ ಹೆಂಗಸೇ ಮಾಟಗಾತಿ ಎಂದು ವಾದಿಸಿದ. ಅವಳು ತಂಗಿಯ ಜಡೆ ಹೆಣೆಯುವುದನ್ನು ಎರಡನೆಯದರಲ್ಲಿ ಕಂಡಿದ್ದ ಅತ್ತೆ ಕೆಂಡವಾದರು.

“ನಾಲಿಗೆ ಬಿಗಿ ಹಿಡಿಯೋ. ಅವಳು ಏನೇನು ಕೊಟ್ಟು ಬಂದಿದಾಳೆ ಅಂತ ನಿನಗೇನು ಗೊತ್ತು?”

ಗಿರಣಿಯವನು ಬಾಯಿ ತೆರೆದವನು ಅತ್ತೆಯ ಮುಖ ನೋಡಿ ಸುಮ್ಮನಾದ. ತಂಗಿಗೆ ಮುಂದೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು.

ತಿಂಗಳ ಕೊನೆಗೆ ಅಧ್ಯಕ್ಷರೇ ಹೊಲಿಗೆಯಂಗಡಿಗೆ ಬಂದರು. ಇದೆಲ್ಲ ನಾಟಕ, ಐದನ್ನೂ ಸಂಜೆಯೊಳಗೆ ತಂದಿಡಬೇಕು ಎಂದರು. ಅವಳು ಮೆಷಿನ್ನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

“ನಾಟಕಾನೇ ಮೇಷ್ಟ್ರೇ, ಶುರು ಮಾಡಿದ್ದು ನಾನೇ. ಈಗ ನನ್ನ ಕೈಲೂ ಇಲ್ಲ. ಹೋಗಿ ಕೇಳಿ ನೋಡಿ.”

ಅವರು ಕೇಳಿದರು. ಗಿರಣಿಯವನು ಹಿಟ್ಟಿನ ಕೈ ಒರೆಸಿಕೊಂಡು, ಒಂದನೆಯದನ್ನು ತನಗೆ ಕೊಡಿಸಿದರೆ ನಾಲ್ಕನೆಯದನ್ನು ಬಿಡುತ್ತೇನೆ, ಬುಡ ನೋಡದೆ ಮರ ಕಡಿಸುವುದಿಲ್ಲ ಎಂದ. ಅತ್ತೆ ಪುಸ್ತಕವನ್ನು ತಲೆದಿಂಬಿನಡಿ ಸರಿಸಿ, ಮೂರನೆಯದು ಬರಲಿ ಎಂದರು. ಹಾಲು ಅಳೆಯುವವಳು ಕ್ಯಾನುಗಳಿಂದ ತಲೆ ಎತ್ತಲೂ ಇಲ್ಲ.

ಸಂಜೆ ಕಪಾಟಿನ ಆ ಖಾಲಿ ಜಾಗಕ್ಕೆ ಗೈಡುಗಳು ಬಂದವು. ಐದು ಭಾಗಗಳಿಗೆ ಲೈಬ್ರರಿಯಲ್ಲಿ ಇನ್ನು ಎಡೆಯಿಲ್ಲವೆಂದು ಅಧ್ಯಕ್ಷರು ಹೇಳಿಕಳಿಸಿದರು. ಮನೆಯಿಂದ ಮನೆಗೆ ಓಡಾಡುವವಕ್ಕೆ ಕಪಾಟು ಯಾಕೆ ಎಂದು ಹೊಲಿಗೆಯಕ್ಕ ತಿರುಗಿ ಹೇಳಿಕಳಿಸಿದಳು. ಅಷ್ಟರಲ್ಲಿ ಕ್ಷೌರದವನು ಬಾಗಿಲಿಗೆ ಬಂದು ನಿಂತ. ಮಾಟಗಾತಿಯ ಬಾಲ್ಯ ಒಂದನೆಯದರಲ್ಲಿದೆಯಂತೆ, ಹೌದೇ ಎಂದು ಕೇಳಿದ.

“ಇದೆ. ಗಿರಣಿಯವನು ನಿನಗಿಂತ ಮೊದಲೇ ಹೇಳಿಟ್ಟಿದಾನೆ. ಕಾಯ್ತಾ ಇರು.”