ಕೋರಂಗೆ ಒಬ್ಬರು ಕಡಿಮೆ

ನೆರಿಡಾಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೌಲ್ಸ್ ಕ್ಲಬ್ಬಿನ ಅಡುಗೆಮನೆಯಲ್ಲಿ ಟೀಗೆ ಇಟ್ಟ ನೀರು ಕುದಿದು ಆಗಲೇ ತಣಿಯತೊಡಗಿತ್ತು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಸಭೆ ನಡೆಯುತ್ತಿದ್ದುದು ಗೋಡೆಯಾಚೆ, ನಡುವಿನ ಕಿಂಡಿಯನ್ನು ಮುಚ್ಚಿದವಳೂ ಅವಳೇ.

ಕ್ಲಬ್ಬಿನವರು ಚೆಂಡು ಉರುಳಿಸಿ ಆಡುವ ಅಂಕಣದ ಹುಲ್ಲು ಕಿತ್ತು ಪ್ಲಾಸ್ಟಿಕ್ ಹಾಸು ಹಾಕಬೇಕೆಂದು ಸಮಿತಿಯ ಸದಸ್ಯ ಪಾಸ್ಕೋ ಠರಾವು ತಂದಿದ್ದ. ಮೋಡವೇ ಕಾಣದ ಮ್ಯಾಲಿ ಸೀಮೆಯಲ್ಲಿ ಹುಲ್ಲಿಗೆ ನೀರು ಸುರಿಯುವುದು ಹುಚ್ಚು ಎಂಬುದು ಅವನ ವಾದ, ಸುಳ್ಳೂ ಅಲ್ಲ. ಆದರೆ ಆ ಹುಲ್ಲನ್ನು ಸಾಕುತ್ತಿದ್ದವನು ನೆರಿಡಾಳ ತಮ್ಮ ಕ್ಲೆಮ್. ಹೆಂಡತಿ ತೀರಿಕೊಂಡ ಮೇಲೆ ಅವನು ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುತ್ತಿದ್ದುದೇ ಆ ಹುಲ್ಲಿಗಾಗಿ.

ಅಧ್ಯಕ್ಷೆಯ ತಮ್ಮನ ಕೆಲಸದ ಮಾತು ಬಂದಾಗ ಅಧ್ಯಕ್ಷೆ ಕೋಣೆಯಲ್ಲಿರಬಾರದು. ಯಾರೂ ಕೇಳುವ ಮೊದಲೇ ಅವಳು ಕುರ್ಚಿಯನ್ನು ಉಪಾಧ್ಯಕ್ಷೆ ಬೆರಿಲ್‌ಗೆ ಬಿಟ್ಟು ಎದ್ದು ಬಂದಿದ್ದಳು. ಹಿಂದೊಮ್ಮೆ, ಅನುಮೋದಕರಿಲ್ಲದ ಠರಾವಿಗೆ ಚರ್ಚೆಯಿಲ್ಲ ಎಂದು ತುಂಬಿದ ಸಭೆಯಲ್ಲಿ ಸ್ವಂತ ಗಂಡನ ಬಾಯನ್ನೇ ಮುಚ್ಚಿಸಿದ ಹೆಂಗಸು ಅವಳು.

ಕಿಂಡಿ ಸರಕ್ಕನೆ ತೆರೆಯಿತು.

"ಹುಲ್ಲು ಉಳೀತು ಕಣೇ! ನಾಲ್ಕು ಕೈ ನಮ್ ಕಡೆ, ಎರಡೇ ಅವರ ಕಡೆ," ಎಂದಳು ಬೆರಿಲ್. "ಪಾಸ್ಕೋ ಮುಖ ನೋಡ್ಬೇಕಿತ್ತು ನೀನು. ಟೀ ಕೊಡು, ಗಂಟಲೊಣಗಿ ಹೋಯ್ತು."

"ಕ್ಲೆಮ್‌ಗೆ ಯಾರು ಹೇಳ್ತೀರಾ?"

"ಕಿಟಕಿಯಿಂದ್ಲೇ ಕೂಗಿ ಹೇಳಿದ್ದಾಯ್ತು."

ನೆರಿಡಾಳ ಎದೆ ಹಗುರಾಯಿತು. ನೀರು ಬಿಸಿ ಮಾಡಿ, ಲೋಟಗಳನ್ನು ಕಿಂಡಿಯಿಂದ ದಾಟಿಸಿದಳು. ಆರು ಆಚೆ ಹೋದವು. ತನ್ನದೊಂದು ಈಚೆ ಉಳಿಯಿತು. ಆಚೆಯ ಲೋಟಗಳನ್ನು ಅವಳು ಮತ್ತೊಮ್ಮೆ ಎಣಿಸಿದಳು. ಕೋರಂಗೆ ಕೋಣೆಯಲ್ಲಿ ಏಳು ಜನ ಇರಬೇಕು. ಏಳನೆಯವಳು ಇಲ್ಲಿ ಕಟ್ಟೆ ಒರೆಸುತ್ತಿದ್ದಳು.

ಒಬ್ಬರಿಗೂ ಅದು ಹೊಳೆದಿರಲಿಲ್ಲ. ಪಾಸ್ಕೋ ಮುಖ ಊದಿಸಿಕೊಂಡು ಬಿಸ್ಕತ್ತು ಅದ್ದುತ್ತಿದ್ದ. ಅವಳು ಸುಮ್ಮನಿದ್ದರೆ ಅಲ್ಲಿಗೆ ಮುಗಿಯಿತು. ಬಾಯಿ ಬಿಟ್ಟರೆ ಮುಂದಿನ ತಿಂಗಳು ಮತ್ತೆ ಮತ. ಗೋಧಿ ಕೊಯ್ಲೆಂದು ಈ ಸಲ ತಪ್ಪಿಸಿಕೊಂಡ ಮೂವರೂ ಆಗ ಬರುತ್ತಾರೆ, ಮೂವರೂ ಪಾಸ್ಕೋನ ಕಡೆಯವರು.

ಅವಳು ಸಭೆಯ ಕೋಣೆಗೆ ನಡೆದಳು.

"ಆ ವೋಟು ನಡೆಯಲ್ಲ. ನಾನು ಹೊರಗಿದ್ದೆ, ಕೋರಂ ಇರ್ಲಿಲ್ಲ."

ಪಾಸ್ಕೋನ ಬಿಸ್ಕತ್ತು ಮುರಿದು ಟೀಗೆ ಬಿತ್ತು.

"ತಲೆ ಕೆಟ್ಟಿದೆಯೇನೇ ನಿಂಗೆ?" ಬೆರಿಲ್ ಹಲ್ಲು ಕಚ್ಚಿದಳು. "ಈಗ ಬಂದು ಕೂತ್ಕೋ, ಇನ್ನೊಂದ್ಸಲ ಕೈ ಎತ್ತಿದ್ರಾಯ್ತು."

"ತಮ್ಮನ ವಿಷಯಕ್ಕೆ ನಾನು ಕೂರೋ ಹಂಗಿಲ್ಲ ಬೆರಿಲ್."

ಹೊರಗೆ ಕ್ಲೆಮ್ ಅಂಕಣದ ಅಂಚಿನಲ್ಲಿ ಬಿಯರ್ ಡಬ್ಬಿ ತೆರೆದು ಕೂತಿದ್ದ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಅವಳು ನಿಂತೇ ಹೇಳಿ ಮುಗಿಸಿದಳು. ನಗು ಹೋಯಿತು.

"ಚಿಕ್ಕಂದಿನಲ್ಲೂ ಹಿಂಗೇ. ಹಿತ್ತಲಲ್ಲಿ ಕ್ರಿಕೆಟ್ ಆಡೋವಾಗ ನೀನೇ ಅಂಪೈರು, ನಾನೇ ಔಟು."

"ನೀನು ಔಟೇ ಆಗಿರ್ತಿದ್ದೆ, ಕ್ಲೆಮ್."

"ಆಗಿರ್ತಿದ್ದೆ. ಇಲ್ಲ ಅಂದ್ನಾ?" ಅವನು ಎದ್ದ. "ಒಂದ್ಸಲನಾದ್ರೂ ನೋಡ್ದೇ ಇದ್ದಂಗೆ ಇರ್ಬೋದಿತ್ತಲ್ಲ, ನೆರಿ."

ಅವನು ಡಬ್ಬಿಯನ್ನು ಅವಳ ಕೈಗಿಟ್ಟು, ನೀರಿನ ಪೈಪು ಎಳೆದುಕೊಂಡು ಅಂಕಣದ ಆ ತುದಿಗೆ ಹೋದ.