ಅಳಿಸದೆ ಬಿಟ್ಟ ಗೆರೆಗಳು

"ಇದೇನಾ ಅಜ್ಜಿ, ಆ ಗುರುತು?"

ಇಗರ್ಜಿಯ ಮೆಟ್ಟಿಲ ಪಕ್ಕದ ಮೋಟುಗೋಡೆಯ ಮೇಲೆ ಬೆರಳಿಟ್ಟು ಹುಡುಗಿ ಕೇಳಿದಳು. ಆರೇಳು ವರ್ಷ ಇರಬಹುದು. ಅವಳ ಬೆರಳಿನ ಕೆಳಗೆ ಗೇಣುದ್ದದ ಹಳದಿ ಗೆರೆಯೊಂದಿತ್ತು. ಎಡದಿಂದ ನೆಟ್ಟಗೆ ಹೊರಟು ಬಲತುದಿಯಲ್ಲಿ ಸ್ವಲ್ಪ ಮೇಲಕ್ಕೇರಿದ ಗೆರೆ. ಅದನ್ನು ಕಂಡಾಗಲೆಲ್ಲ ಸೊಲಾಂಜ್‌ಗೆ ತೀರಿಹೋದ ಗಂಡನ ಸಹಿ ಕಂಡ ಹಾಗಾಗುತ್ತಿತ್ತು.

"ಅದೇ ಮಗಾ. ದಾರಿಯುದ್ದಕ್ಕೂ ಇಂಥವೇ ಇವೆ. ಒಂದು ಸಿಕ್ಕಿದ ಮೇಲೆ ಮುಂದಿನದನ್ನ ಹುಡುಕ್ಬೇಕು. ಸಿಗ್ಲಿಲ್ಲ ಅಂದ್ರೆ ದಾರಿ ತಪ್ಪಿದೆ ಅಂತ ತಿಳ್ಕೊಂಡು ಹಿಂದಕ್ಕೆ ಬರ್ಬೇಕು."

"ನಮ್ಮಪ್ಪ ಸಂತೇಲೇ ದಾರಿ ತಪ್ತಾರೆ!"

"ಹಾಗಾದ್ರೆ ನೀನೇ ಮುಂದೆ ನಡಿ. ಅಪ್ಪ ನಿನ್ನ ಬಾಲ ಹಿಡ್ಕೊಂಡು ಬರ್ಲಿ."

ಎತ್ತರದ ಗಂಡಸು, ಹೆಗಲ ಮೇಲೆ ಕೂತಿದ್ದ ಚಿಕ್ಕ ಮಗನ ಕಾಲು ಹಿಡಿದುಕೊಂಡೇ ನಕ್ಕ. ತಾಯಿಯ ಹೆಸರು ನದೇಜ್. ತೂರ್ ಪಟ್ಟಣದಿಂದ ಬೆಳಗಿನ ರೈಲಿಗೆ ಬಂದವರು. ಮೂರು ವಾರ ಎಡೆಬಿಡದೆ ಸುರಿದ ಮಳೆ ಅಂದೇ ನಿಂತಿತ್ತು. ಮಕ್ಕಳನ್ನು ಮನೆಯೊಳಗೆ ಹಿಡಿದಿಟ್ಟು ಸಾಕಾಗಿತ್ತು ಎಂದು ಅವಳೇ ಹೇಳಿಕೊಂಡಳು.

"ಇವನು ನಡೀಬೋದಾ ಅಮ್ಮಾ? ಇನ್ನೂ ನಾಲ್ಕು ತುಂಬಿಲ್ಲ."

"ಧಾರಾಳವಾಗಿ. ಎರಡು ಗಂಟೆ ದಾರಿ. ನನ್ನ ಮಗ ಮೂರು ವರ್ಷಕ್ಕೇ ನಡೆದಿದ್ದ." ಸೊಲಾಂಜ್ ಮುಂದಿನ ಮಾತಿಗೆ ಬಾಯಿ ತೆರೆದಳು. ದ್ರಾಕ್ಷಿ ತೋಟದ ಕೆಳಗೆ ದಾರಿ ಕವಲೊಡೆಯುತ್ತದೆ, ಅಲ್ಲಿ ಕೆಳಗಿನದನ್ನು ಹಿಡಿಯಬೇಡಿ, ಗುರುತು ಇದ್ದರೂ ಹಿಡಿಯಬೇಡಿ ಎಂಬ ಮಾತು ಅದು.

ಅಷ್ಟರಲ್ಲಿ ಲ್ಯೂಸಿಯೆಂ ಬಂದು ಪಕ್ಕದಲ್ಲಿ ನಿಂತ. ಊರಿನ ನಡಿಗೆ ಸಂಘದ ಹಿರಿಯ, ಶಾಲೆಯಿಂದ ನಿವೃತ್ತನಾದ ಮೇಷ್ಟ್ರು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರವಾದ್ದರಿಂದ ಕೈಯಲ್ಲಿ ಮಂತ್ರಿಸಲಿಕ್ಕೆ ತಂದ ಹಸಿರು ರೆಂಬೆಗಳ ಕಂತೆಯಿತ್ತು.

"ಸರಿಯಾದೋರನ್ನೇ ಹಿಡಿದಿದ್ದೀರಿ," ಎಂದ. "ಈ ಸುತ್ತಿನ ಗುರುತೆಲ್ಲ ಮೂವತ್ತು ವರ್ಷ ಇವರ ಯಜಮಾನ್ರು ಬರೆದದ್ದು. ಈಗ ಕುಂಚ ಇವರ ಕೈಗೆ ಬಂದಿದೆ. ಬಂಡೆ ಬಿರುಕು ಬಿಟ್ಟ ಮೇಲೆ ಕೆಳದಾರಿ ಮುಚ್ಚಿದ್ವಿ ನೋಡಿ, ಅಲ್ಲಿದ್ದ ಹಳೇ ಗುರುತನ್ನೆಲ್ಲ ಆ ಚಳೀಲಿ ಒಬ್ಬಳೇ ಹೋಗಿ ಉಜ್ಜಿ ಬಂದ ಗಟ್ಟಿಗಿತ್ತಿ! ನೀವು ಕಣ್ಣು ಮುಚ್ಕೊಂಡು ಹಳದಿ ಗೆರೆ ಹಿಂದೆ ಹೋಗಿ."

ಸೊಲಾಂಜ್‌ಳ ಬಾಯಿ ಮುಚ್ಚಿಕೊಂಡಿತು.

"ಹೌದು," ಎಂದಳು. "ಹಳದಿ ಗೆರೆ ಹಿಡಿದು ಹೋಗಿ."

ಹುಡುಗಿ ಆಗಲೇ ಬೀದಿಯ ತಿರುವಿನಲ್ಲಿ ಎರಡನೆಯ ಗೆರೆಯನ್ನು ಕಂಡುಹಿಡಿದು ಕೂಗು ಹಾಕಿದ್ದಳು. ಗಂಟೆ ಬಾರಿಸಿತು. ಜನ ಒಳಗೆ ಹೋದರು. ಸೊಲಾಂಜ್ ಕೂಡ ಹೋದಳು.

ಅವಳು ಉಜ್ಜಿರಲಿಲ್ಲ. ಗಂಡ ಗಿಲ್ಬೇರ್ ತೀರಿಕೊಂಡದ್ದು ನವೆಂಬರಿನಲ್ಲಿ. ಜನವರಿಯಲ್ಲಿ ನದಿಯ ಮೇಲಿನ ಬಿಳಿ ಬಂಡೆ ಬಿರುಕು ಬಿಟ್ಟಿತು. ಅದು ಮೆದುಗಲ್ಲು. ಊರಿನ ಮನೆ, ಮಠ, ಇಗರ್ಜಿ ಎಲ್ಲವೂ ಅದರಿಂದಲೇ ಎದ್ದವು. ಚೂರಿಯಿಂದ ಕೊಯ್ಯಬಹುದಾದಷ್ಟು ಮೆದು, ನೀರು ಕುಡಿದರೆ ಇನ್ನೂ ಮೆದು. ಕೆಳದಾರಿಗೆ ಅಡ್ಡ ಹಾಕಿದ್ದ ಮರದ ಬೇಲಿಯನ್ನು ಫೆಬ್ರವರಿಯ ನೆರೆಯಲ್ಲಿ ಲುವಾರ್ ನದಿ ಕೊಂಡೊಯ್ದಿತು. ಹೊಸ ದಾರಿಯನ್ನು ಮೇಲೆ ತೋಟದ ನಡುವೆ ತೆಗೆದರು. ಅದರ ಗುರುತುಗಳನ್ನು ಸೊಲಾಂಜ್ ತಪ್ಪದೆ ಬರೆದಳು. ಹಳೆಯವು ಹತ್ತೊಂಬತ್ತು ಉಳಿದವು. ಅವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮೇಲೆ ಬೂದು ಬಣ್ಣ ಬಳಿಯಬೇಕು. ಗುರುತು ಹಾಕುವವರಿಗೆ ಹಾಕುವುದಕ್ಕಿಂತ ಅಳಿಸುವುದೇ ಮೊದಲ ಧರ್ಮ ಎಂದು ಕಲಿಸಿದವನು ಗಿಲ್ಬೇರನೇ. ಮಾರ್ಚಿನ ಒಂದು ಬೆಳಿಗ್ಗೆ ಅವಳು ಕವಲಿನ ಅಕ್ರೋಟ್ ಮರದ ಮುಂದೆ ನಿಂತು ಬ್ರಷ್ಷನ್ನು ಗೆರೆಗೆ ಒತ್ತಿದಳು. ಹಳದಿಯ ನಾಲ್ಕು ಸಿಪ್ಪೆಗಳು ಎದ್ದು ತೋಳಿನ ಮೇಲೆ ಬಿದ್ದವು. ಬೇರಿನ ಮೇಲೆ ಕೂತಳು. ಬಹಳ ಹೊತ್ತಿನ ಮೇಲೆ ಎದ್ದು ಮನೆಗೆ ಬಂದಳು. ಮರುದಿನ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಲ್ಯೂಸಿಯೆಂ, "ಆಯ್ತಾ?" ಎಂದಾಗ, "ಆಯ್ತು," ಎಂದಳು. ಮಳೆ ನಿಲ್ಲುವವರೆಗೆ ಯಾರು ತಾನೇ ಅಲ್ಲಿಗೆ ಹೋಗುತ್ತಾರೆ, ಈಸ್ಟರ್ ಹೊತ್ತಿಗೆ ಮನಸ್ಸು ಗಟ್ಟಿಯಾಗುತ್ತದೆ ಎಂದುಕೊಂಡಿದ್ದಳು.

ಬಲಿಪೂಜೆಯಲ್ಲಿ ಯೇಸುವಿನ ಯಾತನೆಯ ವಾಚನ ಶುರುವಾಗಿತ್ತು. ಅದು ದೀರ್ಘವಾದದ್ದು, ಎಲ್ಲರೂ ನಿಂತೇ ಕೇಳಬೇಕು. ಸೊಲಾಂಜ್ ರೆಂಬೆಯನ್ನು ಎದೆಗೆ ಹಿಡಿದು ನಿಂತಿದ್ದಳು. ಅವರು ಮೇಲಿನ ದಾರಿಯನ್ನೇ ಹಿಡಿದಿರುತ್ತಾರೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೊಸ ಗುರುತು ಕಣ್ಣಿಗೆ ಬೀಳದೆ ಇರುತ್ತದೆಯೆ? ಆದರೆ ಬೀಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೊಸದು ತೋಟದ ಬೇಲಿಯ ಸಣ್ಣ ಗೂಟದ ಮೇಲಿತ್ತು. ಹಳೆಯದು ಅಕ್ರೋಟ್ ಮರದ ದಪ್ಪ ಕಾಂಡದ ಮೇಲೆ, ಬರುವವರ ಮುಖಕ್ಕೆ ನೇರವಾಗಿ.

ಅವಳ ಕಪ್ಪು ಕೋಟಿನ ತೋಳಿನ ಮೇಲೆ ಏನೋ ಬಿತ್ತು. ಚಿಟಿಕೆಯಷ್ಟು ಬಿಳಿ ಪುಡಿ. ಒರೆಸಿದಳು. ಮತ್ತೆ ಬಿತ್ತು. ತಲೆಯೆತ್ತಿ ನೋಡಿದಳು. ಕಮಾನಿನ ಕಲ್ಲುಗಳ ನಡುವೆ ತೇವದ ಕಪ್ಪು ಗೆರೆ ಹಬ್ಬಿತ್ತು. ಅಲ್ಲಿಂದ, ಯಾರೂ ಮುಟ್ಟದೆ, ಕಲ್ಲು ತಾನಾಗಿ ಉದುರುತ್ತಿತ್ತು.

ಅವಳು ಸಾಲಿನಿಂದ ಹೊರಬಿದ್ದಳು.

"ಏನಾಯ್ತೇ, ಮೈಗೆ ಹುಷಾರಿಲ್ವಾ?" ಲ್ಯೂಸಿಯೆಂ ಪಿಸುಗುಟ್ಟಿದ.

"ಇಲ್ಲ." ಅಷ್ಟೇ ಹೇಳಿ ನಡೆದಳು. ಪರಮಪ್ರಸಾದಕ್ಕೆ ಮುಂಚೆ ಇಗರ್ಜಿಯಿಂದ ಹೊರಗೆ ಬಂದದ್ದು ಎಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲು.

ಹಳ್ಳಿಬೀದಿ, ಬಟ್ಟೆ ಒಗೆಯುವ ಹಳೆಯ ಕಟ್ಟೆ, ಮಠದ ಹಿಂಬದಿಯ ಗೋಡೆ. ಓಡಲು ಆಗಲಿಲ್ಲ, ಹಬ್ಬದ ಬೂಟು ಕೆಸರಿನಲ್ಲಿ ಜಾರುತ್ತಿತ್ತು. ನದಿ ಕಂದುಬಣ್ಣಕ್ಕೆ ತಿರುಗಿ, ಮರಳುದಿಬ್ಬಗಳನ್ನೆಲ್ಲ ನುಂಗಿ, ಸದ್ದಿಲ್ಲದೆ ಹೋಗುತ್ತಿತ್ತು. ಕವಲಿಗೆ ಬಂದಾಗ ಅವಳ ಉಸಿರು ಸೀಟಿಯಾಗಿತ್ತು. ಗೂಟದ ಕಡೆಯ ಕೆಸರು ನುಣ್ಣಗಿತ್ತು. ಅಕ್ರೋಟ್ ಮರದ ಕಡೆ ದೊಡ್ಡ ಹೆಜ್ಜೆಗಳು ಎರಡು ಜೊತೆ, ಅವುಗಳ ಮುಂದೆ ಚಿಕ್ಕದೊಂದು ಜೊತೆ. ಇಲ್ಲಿಗೆ ಬರುವ ಹೊತ್ತಿಗೆ ಚಿಕ್ಕವನೂ ಅಪ್ಪನ ಹೆಗಲಿನಿಂದ ಇಳಿದು ನಡೆದಿದ್ದ. ಅವನ ಹೆಜ್ಜೆ ಅಂಗೈಗಿಂತ ಚಿಕ್ಕದು.

ಬಂಡೆಯ ಬುಡದಲ್ಲಿ ಬಿಸಿಲಿರಲಿಲ್ಲ. ದಾರಿ ಇಬ್ಬರು ಒತ್ತಾಗಿ ನಡೆಯುವಷ್ಟು ಅಗಲ, ಒಂದು ಮಗ್ಗುಲಿಗೆ ಬಿಳಿಗೋಡೆ, ಇನ್ನೊಂದಕ್ಕೆ ನೀರು. ಗಿಲ್ಬೇರನ ಮನೆತನದವರು ಕಲ್ಲುಗಣಿಯಲ್ಲಿ ಬೆಳೆದವರು. ಕಲ್ಲಿನ ಕೆಳಗೆ ಗಟ್ಟಿಯಾಗಿ ಮಾತಾಡಬಾರದು ಎಂಬುದು ಅವರ ಕಟ್ಟಳೆ. ಕೂಗಿದರೆ ಬೀಳುತ್ತದೆ ಎಂದಲ್ಲ. ಕೂಗುವವನಿಗೆ ಕಲ್ಲು ಹೇಳುವುದು ಕೇಳಿಸುವುದಿಲ್ಲ ಎಂದು. ಹೆಸರು ಹಿಡಿದು ಕರೆಯಬೇಕೆಂದು ಅವಳಿಗೆ ಗಂಟಲಿನವರೆಗೂ ಬಂದಿತ್ತು. ಕರೆಯಲಿಲ್ಲ. ಕೇಳುತ್ತ ನಡೆದಳು. ಟಿಕ್ ಎಂದು ಒಂದು. ಸ್ವಲ್ಪ ಬಿಟ್ಟು ಇನ್ನೆರಡು. ಮೇಲಿನಿಂದ ಸಣ್ಣ ಕಲ್ಲುಗಳು ಬಿದ್ದು ನೀರು ಸೇರುತ್ತಿದ್ದವು. ಗಿಲ್ಬೇರನ ಗೆರೆಗಳು ಒಂದಾದ ಮೇಲೊಂದರಂತೆ ಅವಳನ್ನು ಮುಂದಮುಂದಕ್ಕೆ ಕರೆದೊಯ್ದವು.

ಕವಲಿನಿಂದ ಹನ್ನೊಂದನೆಯ ಗೆರೆಯ ಹತ್ತಿರ ಅವರಿದ್ದರು. ಬಂಡೆ ಸೂರಿನ ಹಾಗೆ ಮುಂದಕ್ಕೆ ಚಾಚಿದ ಜಾಗ ಅದು. ಗಾಳಿ ತಾಗುವುದಿಲ್ಲವೆಂದು ಅಲ್ಲೇ ಬಟ್ಟೆ ಹಾಸಿ ಬ್ರೆಡ್ಡು, ಚೀಸು, ಬೇಯಿಸಿದ ಮೊಟ್ಟೆ ಹರಡಿಕೊಂಡು ಕೂತಿದ್ದರು. ಹುಡುಗಿ ಕೋಲಿನಿಂದ ಗೋಡೆಗೆ ಬಡಿಯುತ್ತಿದ್ದಳು. ಪ್ರತಿ ಏಟಿಗೂ ಒಳಗೆ ಪೊಳ್ಳಿದ್ದಂತೆ ಸದ್ದು ಬರುತ್ತಿತ್ತು. ಅವಳ ತಲೆಯ ಮೇಲೆ, ಮೂರಾಳೆತ್ತರದಲ್ಲಿ, ಕೈ ತೂರುವಷ್ಟು ಬಿರುಕು.

"ಓ, ಅಜ್ಜಿ ಬಂದ್ರು!" ಹುಡುಗಿ ಕೂಗಿದಳು. "ಒಂದೂ ತಪ್ಪಲಿಲ್ಲ ಅಜ್ಜಿ, ಆ ದೊಡ್ಡ ಮರದಿಂದ ಹನ್ನೊಂದು ಎಣಿಸಿದ್ದೀನಿ!"

"ಶ್!" ಸೊಲಾಂಜ್ ಅವಳ ಕೈಯಿಂದ ಕೋಲು ತೆಗೆದುಕೊಂಡಳು. "ಜಾಣೆ. ಈಗ ಒಂದು ಆಟ. ಬಂದ ದಾರೀಲೇ ವಾಪಸ್ ಹೋಗ್ಬೇಕು, ಮಾತಾಡಿದೋರು ಸೋತ ಹಾಗೆ."

"ಇನ್ನೂ ಊಟ ಮುಗಿದಿಲ್ವಲ್ಲ," ಎಂದ ತಂದೆ, ಬಾಯಿಯ ತುತ್ತಿನ ಜೊತೆಗೇ. "ಇಲ್ಲಿಂದ ಮುಂದಕ್ಕೂ ದಾರಿ ಇದೆ ತಾನೆ?"

"ಎದ್ದೇಳಿ. ಬುತ್ತಿ ಅಲ್ಲೇ ಬಿಡಿ."

"ಏನಮ್ಮಾ ಇದು, ಬೆಳಿಗ್ಗೆ ನೀವೇ..."

ನದೇಜ್ ಮಗನನ್ನು ನೋಡುತ್ತಿದ್ದಳು. ಮಗುವಿನ ಕಪ್ಪು ಕೂದಲೆಲ್ಲ ಬೆಳ್ಳಗಾಗಿತ್ತು. ನೋಡನೋಡುತ್ತಿದ್ದಂತೆ ಇನ್ನಷ್ಟು ಪುಡಿ, ಹಿಟ್ಟು ಜರಡಿ ಹಿಡಿದಂತೆ, ಮೇಲಿನಿಂದ ಇಳಿದು ಅವನ ಹುಬ್ಬಿನ ಮೇಲೆ ಕೂತಿತು. ನಾಲ್ಕು ತುಂಬದ ಹುಡುಗ ಮುದುಕನಂತೆ ಕಾಣುತ್ತಿದ್ದ. ಅವಳು ಅವನನ್ನು ಬಾಚಿ ಎತ್ತಿಕೊಂಡಳು.

ನಡೆದರು. ಮುಂದೆ ಮಗನನ್ನು ಅವುಚಿಕೊಂಡ ತಾಯಿ, ಹಿಂದೆ ತಂದೆ, ಕೊನೆಯಲ್ಲಿ ಹುಡುಗಿಯ ಕೈ ಹಿಡಿದ ಸೊಲಾಂಜ್. ಗೋಡೆಯ ಕಡೆ ತಾನು, ನೀರಿನ ಕಡೆ ಹುಡುಗಿ. ಹುಡುಗಿ ಆಟ ಸೋಲಬಾರದೆಂದು ತುಟಿ ಬಿಗಿದು ನಡೆಯುತ್ತಿದ್ದಳು. ಸೊಲಾಂಜ್ ಮನಸ್ಸಿನಲ್ಲೇ ಜಪ ಹಿಡಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಅದು ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಹಿಂದೆ ಏನೋ ಬಿತ್ತು. ದೊಡ್ಡದಲ್ಲ, ಬುಟ್ಟಿಯಷ್ಟಿರಬೇಕು. ಬಟ್ಟೆ ಹಾಸಿದ್ದ ಕಡೆಯಿಂದ ತಟ್ಟೆ ಒಡೆದ ಸದ್ದು ಬಂತು. ತಂದೆ ಅಲ್ಲೇ ನಿಂತುಬಿಟ್ಟ.

"ನಡೀರಿ," ಎಂದಳು ಸೊಲಾಂಜ್.

ಕವಲಿನ ಬಿಸಿಲಿಗೆ ಬಂದ ಮೇಲೆ ನದೇಜ್ ಅಳಲು ತೊಡಗಿದಳು. ಅಳುತ್ತಲೇ ಸೊಲಾಂಜ್‌ಳ ಕೆನ್ನೆಗೆ ಕೆನ್ನೆ ಒತ್ತಿದಳು.

"ದೇವರು ಕಳಿಸಿದ ಹಾಗೆ ಬಂದ್ರಿ ಅಮ್ಮಾ. ಗುರುತು ಇತ್ತಲ್ಲ ಅಂತ ನಂಬಿ ಹೋದ್ವಿ. ಯಾರೋ ಇಲ್ಲಿನ ಹಳೇದನ್ನ ಅಳಿಸೋಕೆ ಮರೆತಿದ್ದಾರೆ."

ಯಾರೋ, ಮರೆತಿದ್ದಾರೆ. ಹೌದು ಎಂದು ತಲೆಯಾಡಿಸಿದ್ದರೆ ಸಾಕಿತ್ತು. ಹುಡುಗಿಯ ಬೆವೆತ ಕೈ ಇನ್ನೂ ಅವಳ ಕೈಯೊಳಗೇ ಇತ್ತು.

"ಮರೆತದ್ದಲ್ಲ," ಎಂದಳು ಸೊಲಾಂಜ್. "ಅಳಿಸ್ಬೇಕಾಗಿದ್ದೋಳು ನಾನು. ಅಳಿಸ್ಲಿಲ್ಲ. ಅಳಿಸ್ದೆ ಅಂತ ಸುಳ್ಳು ಹೇಳಿದ್ದೆ."

"ಬೆಳಿಗ್ಗೆ ನಾವು ಕೇಳಿದಾಗ?" ಎಂದ ತಂದೆ.

"ಗೊತ್ತಿತ್ತು. ಆ ಮೇಷ್ಟ್ರ ಮುಂದೆ ಬಾಯಿ ಬರ್ಲಿಲ್ಲ."

"ಯಾಕಮ್ಮಾ?" ನದೇಜ್‌ಗೆ ನಂಬಿಕೆಯೇ ಬಂದಿರಲಿಲ್ಲ. "ಯಾಕೆ ಅಳಿಸ್ಲಿಲ್ಲ?"

"ಅವು ನನ್ನ ಯಜಮಾನ್ರು ಬರೆದದ್ದು."

ಆಡಿದ ಮೇಲೆ ಮಾತು ಬಹಳ ಸಣ್ಣದಾಗಿ ಕೇಳಿಸಿತು. ತಂದೆಯ ಮುಖ ಕೆಂಪಾಯಿತು, ಮತ್ತೆ ಬಿಳಿಚಿಕೊಂಡಿತು.

"ಇವು ನನ್ನ ಮಕ್ಕಳಮ್ಮಾ," ಎಂದಷ್ಟೇ ಹೇಳಿದ.

ನದೇಜ್ ಮುಂದೆ ಬಂದು ಸೊಲಾಂಜ್‌ಳ ಕೈಯಿಂದ ಹುಡುಗಿಯ ಕೈಯನ್ನು ಬಿಡಿಸಿಕೊಂಡಳು. ಒರಟಾಗಿ ಅಲ್ಲ, ಮುಳ್ಳಿಗೆ ಸಿಕ್ಕ ಬಟ್ಟೆಯನ್ನು ಹರಿಯದಂತೆ ಬಿಡಿಸುವ ಹಾಗೆ. "ಆಟದಲ್ಲಿ ಗೆದ್ದೋರು ಯಾರು?" ಎಂದು ಹುಡುಗಿ ಕೇಳುತ್ತಿದ್ದುದು ತಿರುವಿನವರೆಗೂ ಕೇಳಿಸಿತು.

ಬ್ರಷ್ಷಾಗಲಿ ಬಣ್ಣವಾಗಲಿ ಅವಳ ಬಳಿ ಇರಲಿಲ್ಲ. ಚೂಪಾದ ಕಲ್ಲೊಂದನ್ನು ಹುಡುಕಿ ಅಕ್ರೋಟ್ ಮರದ ಗೆರೆಯನ್ನು ಕೆರೆಯತೊಡಗಿದಳು. ಈ ಸಲ ಅರ್ಧಕ್ಕೆ ಬಿಡಲಿಲ್ಲ. ಆದರೆ ಗಿಲ್ಬೇರ್ ಕೆಲಸಗಳ್ಳನಾಗಿರಲಿಲ್ಲ. ತೊಗಟೆಯನ್ನು ನಯಮಾಡಿ ಎರಡೆರಡು ಸಲ ಬಳಿಯುತ್ತಿದ್ದ. ಉಗುರು ಸೀಳಿತು, ಬೆರಳ ಗೆಣ್ಣಿನಲ್ಲಿ ರಕ್ತ ಬಂತು. ಹಳದಿಯಲ್ಲಿ ಬೆಕ್ಕು ಪರಚಿದಷ್ಟು ಗೀರು ಮಾತ್ರ ಮೂಡಿತು.

ಊರ ಕಡೆಯಿಂದ ಗಂಟೆ ಕೇಳಿತು. ಪೂಜೆ ಮುಗಿದಿತ್ತು. ಗರಿಗಳ ಭಾನುವಾರ ಮನೆಮಂದಿಯೆಲ್ಲ ಒಂದು ಸುತ್ತು ನಡೆದು ಬಂದೇ ಊಟಕ್ಕೆ ಕೂರುವುದು ಆ ಊರಿನ ರೂಢಿ. ಮೂರು ವಾರದ ಮಳೆಯ ಮೇಲೆ ಬಂದ ಬಿಸಿಲನ್ನು ಯಾರೂ ಬಿಡುವವರಲ್ಲ. ಮಠದ ಗೋಡೆಯ ಆಚೆ ಆಗಲೇ ಮಾತು, ನಗು, ಓಡುವ ಮಕ್ಕಳ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅವರಲ್ಲಿ ಲ್ಯೂಸಿಯೆಂನ ದನಿಯೂ ಇತ್ತು.

ಸೊಲಾಂಜ್ ಕಲ್ಲನ್ನು ಕೆಳಗಿಟ್ಟಳು. ಮರಕ್ಕೆ ಬೆನ್ನು ಮಾಡಿ ಹಿಂದಕ್ಕೆ ಸರಿದು, ಗೆರೆ ಪೂರಾ ಮುಚ್ಚುವಂತೆ ಕಪ್ಪು ಕೋಟಿನ ಬೆನ್ನನ್ನು ಕಾಂಡಕ್ಕೆ ಒತ್ತಿ ನಿಂತಳು. ತೊಗಟೆಯ ತೇವ ಬಟ್ಟೆ ದಾಟಿ ಮೈಗೆ ಇಳಿಯಿತು. ಬಂಡೆಯ ಕಡೆಯಿಂದ ಏನೋ ಜಾರಿ ಜಾರಿ ನೀರಿಗೆ ಬೀಳುವ ಸದ್ದು ಬಂತು; ಬೇಗ ನಿಲ್ಲಲಿಲ್ಲ. ಅವಳು ಅತ್ತ ತಿರುಗಲಿಲ್ಲ. ಗೋಡೆಯ ತಿರುವಿನಲ್ಲಿ ಒಂದು ಕೆಂಪು ಟೋಪಿ ಕಾಣಿಸಿತು, ಅದರ ಹಿಂದೆ ಇನ್ನೊಂದು.