ಒಳಕ್ಕೆ ತೆರೆಯುವ ಬಾಗಿಲು

ಹಿಡಿಕೆ ತಣ್ಣಗಿದೆ, ಹೊಸ ಬಣ್ಣದ ವಾಸನೆ, ಕೀಲುಗಳಿಗೆ ಎಣ್ಣೆ ಬೇರೆ ಹಾಕಿಸಿದ್ದಾನೆ ಪುಣ್ಯಾತ್ಮ ಬಿಲ್ಡರು, ತಪಾಸಣೆಗೆ ಮೇಡಂ ಬರುತ್ತಾರೆ ಅಂತ ಮೆಟ್ಟಿಲುಗಳನ್ನೆಲ್ಲ ತೊಳೆಸಿ ಒರೆಸಿದ್ದಾನೆ, ಆದರೆ ಬಾಗಿಲು ಮಾತ್ರ ಒಳಕ್ಕೇ ತೆರೆಯುತ್ತದೆ, ಮತ್ತೆ ಒಳಕ್ಕೇ – ಬೆಳಿಗ್ಗೆ ಮೊದಲ ಸಲ ತಳ್ಳಿ ನೋಡಿದವಳು ಇನ್ನೂ ಎರಡು ಸಲ ತಳ್ಳಿ ನೋಡಿದ್ದಳು. ಬೆಂಕಿ ಬಿದ್ದಾಗ ಇಡೀ ಕಟ್ಟಡದ ಜನ ಇಳಿದು ಬರುವ ಮೆಟ್ಟಿಲಿನ ಕೊನೆಯ ಬಾಗಿಲು ಹೊರಕ್ಕೆ ತೆರೆಯಬೇಕು, ಓಡಿ ಬಂದವರು ತಳ್ಳುತ್ತಾರೆ, ಎಳೆಯುವುದಿಲ್ಲ, ಇಷ್ಟು ತಿಳಿಯಲು ಅಗ್ನಿಶಾಮಕ ಇಲಾಖೆಯ ಅಧಿಕಾರಿಯೇ ಆಗಬೇಕೆ? ಹೊರಕ್ಕೆ ತೆರೆದ್ರೆ ಒಂದು ಕಾರು ನಿಲ್ಲಿಸೋ ಜಾಗ ಹೋಗುತ್ತಲ್ಲ ಮೇಡಂ, ಅಂದಿದ್ದ ಬಿಲ್ಡರು, ಹಲ್ಲು ಕಿರಿದು, ಒಂದೇ ಒಂದು ಬಾಗಿಲು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಅವಳ ಗುರುತು ಅವನಿಗಿಲ್ಲ. ಅವನ ಹಳೆಯ ಕಟ್ಟಡದಲ್ಲಿ ತಂಗಿ ಬಾಡಿಗೆಗಿದ್ದಳು, ಅಕ್ಕಾ ಮನೆ ಚಿಕ್ಕದು ಆದ್ರೆ ಗಾಳಿ ಎಷ್ಟು ಚೆನ್ನಾಗಿದೆ ಗೊತ್ತಾ ಬಾರೇ ಒಂದ್ಸಲ, ಇವಳು ಹೋದದ್ದು ಬೆಂಕಿ ಆರಿದ ಮೇಲೆ, ತಂಗಿಯ ಮೈಮೇಲೆ ಒಂದು ಸುಟ್ಟ ಗಾಯವಿರಲಿಲ್ಲ, ಇಂಥದೇ ಒಳಕ್ಕೆ ತೆರೆಯುವ ಬಾಗಿಲಿಗೆ ಒತ್ತಿಕೊಂಡೇ ಉಸಿರು ಹೋಗಿತ್ತು, ಹಿಂದಿನವರೆಲ್ಲ ತಳ್ಳಿದ್ದರು, ಆಮೇಲೆ ಕೋರ್ಟಿನಲ್ಲಿ ಇವನ ವಕೀಲ, ಜನ ಗಾಬರಿ ಬಿದ್ರು ಸ್ವಾಮಿ, ಬಾಗಿಲಿಗೆ ಬೀಗ ಹಾಕಿರ್ಲಿಲ್ಲವಲ್ಲ, ಇವನು ಮೀಸೆ ತಿರುವುತ್ತ ಹೊರಗೆ ಬಂದ. ಜನ ಗಾಬರಿ ಬಿದ್ದರಂತೆ! ನೀನೂ ಬೀಳು ಒಂದು ಸಲ.

ಅನುಮತಿ ಇಲ್ಲ ಅಂದು ಹೊರಟುಬಿಡಬಹುದಿತ್ತು, ಬಾಗಿಲು ತಿರುಗಿಸಿ ಕೂರಿಸಿಕೊಂಡು ಅವನು ಹಾಯಾಗಿರುತ್ತಿದ್ದ, ಆ ಸುಖ ಅವನಿಗೇಕೆ, ಅದಕ್ಕೇ ಅಣಕು ಕಾರ್ಯಾಚರಣೆ ಎಂದಳು, ನಾಟಕದವರು ಬಿಡೋ ಹೊಗೆ, ಯಾರಿಗೂ ಏನೂ ಆಗಲ್ಲ, ನಿಮ್ಮ ಆಫೀಸಿನವರನ್ನೆಲ್ಲ ಕರ್ಕೊಂಡು ಮೇಲಿಂದ ಇಳಿದು ಬನ್ನಿ, ದೀಪ ಆರಿಸಿರ್ತೀವಿ. ಅಷ್ಟೇನಾ, ಎಂದು ನಗುತ್ತ ಹತ್ತಿದ, ಹಿಂದೆಯೇ ಅವನ ಮಗಳು, ಅಪ್ಪಾ ತಡಿ ನಾನೂ ಬರ್ತೀನಿ, ಚಪ್ಪಲಿ ಕೈಯಲ್ಲಿ ಹಿಡಿದು – ತಡೆಯಬಹುದಿತ್ತು, ತಡೆಯಲಿಲ್ಲ, ಹೋಗಲಿ, ಅವನಿಗೂ ಗೊತ್ತಾಗಲಿ, ಆಹಾ ಎಷ್ಟು ಹಿತವಾಗಿತ್ತು ಹಾಗೆ ಅಂದುಕೊಳ್ಳಲು. ಅವಳು ಕೆಳಗೆ ಬಾಗಿಲ ಹೊರಗೆ ನಿಂತಳು.

ಈಗ ಒಳಗೆ ಕೆಮ್ಮು, ನಗು, ಯಾರ್ರೀ ಕಾಲು ತುಳಿದಿದ್ದು, ನಗು ನಿಂತಿತು, ದಡದಡ ಇಳಿಯುವ ಸದ್ದು, ಧೊಪ್ಪೆಂದು ಬಾಗಿಲಿಗೆ ಬಿದ್ದರು, ತಳ್ರೋ ತಳ್ರೀ, ಅದು ಅವನದೇ ದನಿ, ಬಾಗಿಲು ಕೂರಿಸಿದವನಿಗೇ ಮರೆತುಹೋಗಿದೆ, ತಳ್ಳು, ಚೆನ್ನಾಗಿ ತಳ್ಳು, ಅವಳಿಗೆ ನಗು ಉಕ್ಕುತ್ತಿದೆ, ಇಷ್ಟು ವರ್ಷ ಕಾದದ್ದು ಇದಕ್ಕೇ, ಸರಿ, ಇನ್ನು ಸಾಕು, ತೆರೆಯೋಣವೆಂದು ಹಿಡಿಕೆ ತಿರುಗಿಸಿ ತಳ್ಳಿದರೆ – ಅಲುಗುವುದಿಲ್ಲ. ಭುಜ ಕೊಟ್ಟು ತಳ್ಳುತ್ತಾಳೆ. ಇಲ್ಲ. ಒಳಗಿನಷ್ಟೂ ಜನರ ಭಾರ ಅವಳಿಗೆದುರಾಗಿ ನಿಂತಿದೆ, ಇದೊಂದು ಹೇಗೆ ಹೊಳೆಯಲಿಲ್ಲ, ಇಲಾಖೆಯಲ್ಲೇ ಕೂದಲು ನರೆಸಿಕೊಂಡವಳಿಗೆ, ಹಿಂದೆ ಸರೀರಿ, ಒಂದೇ ಒಂದು ಹೆಜ್ಜೆ ಹಿಂದೆ ಸರೀರಿ, ಆ ಗದ್ದಲದಲ್ಲಿ ಅವಳದೂ ಇನ್ನೊಂದು ಕೂಗು ಅಷ್ಟೆ, ಅಪ್ಪಾ ಉಸಿರು ಕಟ್ತಿದೆ ಅಪ್ಪಾ, ನೆಲಕ್ಕೆ ಬಾಗಿ ಬಾಗಿಲ ಕೆಳಗಿನ ಸಂದಿಗೆ ಬಾಯಿ ಹಚ್ಚುತ್ತಾಳೆ, ಹಿಂದೆ ಸರಿಯಮ್ಮಾ, ಸಂದಿಯಿಂದ ಹೊಗೆ, ಹೊಗೆಯ ಜೊತೆ ನಾಲ್ಕು ಬೆರಳು, ಹಿಡಿದುಕೊಳ್ಳುತ್ತಾಳೆ, ಅವೂ ಅವಳನ್ನು ಗಟ್ಟಿಯಾಗಿ ಹಿಡಿಯುತ್ತವೆ, ಅವನ ಮಗಳದು, ಅಲ್ಲ ತಂಗಿಯದು, ಸರಿಯೇ ಹಿಂದೆ, ನಾಲ್ಕು ಬೆರಳು, ಹಿಡಿತ ಸಡಿಲವಾಗುತ್ತಿದೆ, ಬಿಡಬೇಡ್ವೇ, ನಾಲ್ಕು ಬೆರಳು, ಬಾಗಿಲ ಕೆಳಗೆ ನಾಲ್ಕು ಬೆರಳು –